ಬ್ಲಾಗ್ ಬರಹಗಾರರ ಪ್ರಶ್ನೆಗಳು: ಉಚಿತ ಸಾಧನಗಳಲ್ಲಿ ಯಾವುದು ಬೇಕು, ಯಾವುದು ಬೇಡ?

ಬ್ಲಾಗ್ ಬರೆಯುವವರಿಗೆ ನೆರವಾಗುವ ಉಚಿತ ಸಾಧನಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಇಂಥ ಸಾಧನಗಳ ಉದ್ದುದ್ದ ಪಟ್ಟಿಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ಆದ್ದರಿಂದ ಯಾವುದನ್ನು ಏಕೆ ಆರಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದರ ಕಡೆಗೇ ಈ ಉತ್ತರಗಳು ಹೆಚ್ಚು ಗಮನ ಕೊಟ್ಟಿವೆ.

ಪ್ರಶ್ನೆ: ಹಣ ಖರ್ಚು ಮಾಡದೆ ಬ್ಲಾಗ್ ಆರಂಭಿಸಬೇಕೆಂದಿದ್ದೇನೆ. ಬ್ಲಾಗರ್ ಹಳತಾಯಿತು, ವರ್ಡ್‌ಪ್ರೆಸ್ಸೇ ಸರಿ ಎಂದು ಕೆಲವರು ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ವರ್ಡ್‌ಪ್ರೆಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. 2003ರಲ್ಲಿ ಮೊದಲ ಆವೃತ್ತಿ ಕಂಡ ವರ್ಡ್‌ಪ್ರೆಸ್ ಒಂದು ಮುಕ್ತ ತಂತ್ರಾಂಶ. ಅದನ್ನು ವರ್ಡ್‌ಪ್ರೆಸ್ ಡಾಟ್ ಆರ್ಗ್ ತಾಣದಿಂದ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದರೂ, ಅದು ನಡೆಯಲು ಸರ್ವರಿನಲ್ಲಿ ಜಾಗ ಬೇಕು, ಆ ಜಾಗಕ್ಕೆ ಸಾಮಾನ್ಯವಾಗಿ ಬಾಡಿಗೆ ಕಟ್ಟಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಅದೇ ತಂತ್ರಾಂಶವನ್ನು ಬಳಸಿ ಆಟೋಮ್ಯಾಟಿಕ್ ಸಂಸ್ಥೆ ನಡೆಸುವ ಸೇವೆ. ಅದರ ಉಚಿತ ಯೋಜನೆಯಲ್ಲಿ ನಿಮ್ಮ ಬರಹದ ನಡುವೆ ಸಂಸ್ಥೆಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಸ್ವಂತ ಡೊಮೇನ್ ಹೆಸರನ್ನು, ಅಂದರೆ ನಿಮ್ಮದೇ ವೆಬ್ ವಿಳಾಸವನ್ನು, ಜೋಡಿಸಬೇಕೆಂದರೆ ಶುಲ್ಕದ ಯೋಜನೆಗೆ ಹೋಗಬೇಕು. ನಿಮಗೆ ಸಲಹೆ ಕೊಟ್ಟವರು ಈ ಎರಡರಲ್ಲಿ ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೆಂದು ಕೇಳಿ ನೋಡಿ.

ಬ್ಲಾಗರ್ ಹಳತೆಂಬುದು ನಿಜ. 1999ರಲ್ಲಿ ಪೈರಾ ಲ್ಯಾಬ್ಸ್ ಆರಂಭಿಸಿದ ಈ ಸೇವೆಯನ್ನು 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಹೊಸ ಸೌಲಭ್ಯಗಳು ಅಲ್ಲಿಗೆ ಬರುವುದು ಅಪರೂಪ, ವಿನ್ಯಾಸಗಳೂ ಹಳೆಯ ಕಾಲದವೇ. ಆದರೂ ಜಾಗಕ್ಕೆ ಹಣವಿಲ್ಲ, ಸ್ವಂತ ಡೊಮೇನ್ ಜೋಡಿಸಲು ಶುಲ್ಕವಿಲ್ಲ, ಪುಟದ ವಿನ್ಯಾಸದ ಎಚ್‌ಟಿಎಮ್‌ಎಲ್ ಅನ್ನು ತಿದ್ದಲು ತಡೆಯಿಲ್ಲ. ತಾಣದ ಅಂದಚಂದಕ್ಕಿಂತ ಬರೆಯುವುದೇ ಮುಖ್ಯ ಎನ್ನುವವರಿಗೆ ಇಂದಿಗೂ ಬ್ಲಾಗರ್ ಸಾಕು ಎಂಬುದು ನನ್ನ ಅಭಿಪ್ರಾಯ. ತಾಂತ್ರಿಕ ವಿಷಯದಲ್ಲಿ ಆಸಕ್ತಿ ಇರುವವರು ತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್ ನೋಡಬಹುದು. ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದಲ್ಲಿ ಬರೆದ ಕಡತಗಳನ್ನು ಜೆಕಿಲ್ ಅಥವಾ ಹ್ಯೂಗೋ ಎಂಬ ಮುಕ್ತ ತಂತ್ರಾಂಶಗಳು ಪುಟಗಳಾಗಿ ಜೋಡಿಸುತ್ತವೆ. ಒಂದು ಜಿಬಿಯವರೆಗಿನ ತಾಣವನ್ನು ಅಲ್ಲಿ ಉಚಿತವಾಗಿ ಇಡಬಹುದು. ಬರಹದ ಮೂಲ ಕಡತಗಳು ನಿಮ್ಮ ಗಣಕದಲ್ಲೇ ಇರುತ್ತವೆ ಎಂಬುದು ಈ ದಾರಿಯ ದೊಡ್ಡ ಲಾಭ.

ಮೂರರಲ್ಲಿ ಯಾವುದನ್ನೇ ಆರಿಸಿಕೊಂಡರೂ, ನೋಂದಾಯಿಸುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಐದು ವರ್ಷಗಳ ನಂತರ ಇಲ್ಲಿಂದ ಹೊರಡಬೇಕಾಗಿ ಬಂದರೆ ಬರಹಗಳನ್ನು ಹೇಗೆ ಒಯ್ಯಲಿ? ಇದಕ್ಕೆ ಸ್ಪಷ್ಟ ಉತ್ತರ ಸಿಗದ ಸೇವೆ ಎಷ್ಟೇ ಸುಂದರವಾಗಿದ್ದರೂ ಅದರ ಸಹವಾಸ ಬೇಡ. ಇದೇ ಕಾರಣಕ್ಕೆ, ಸಾಧ್ಯವಿದ್ದರೆ ಡೊಮೇನ್ ಹೆಸರೊಂದಕ್ಕೆ ಮಾತ್ರ ಹಣ ಕೊಡಿ ಎಂದು ಹೇಳುತ್ತೇನೆ. ವಿಳಾಸ ನಿಮ್ಮದಾಗಿದ್ದರೆ ವೇದಿಕೆ ಬದಲಾದರೂ ಓದುಗರು ಅದೇ ವಿಳಾಸಕ್ಕೆ ಬರುತ್ತಾರೆ. ಉಚಿತ ಡೊಮೇನ್‌ಗಳನ್ನು ನಂಬಬೇಡಿ. ಅಂಥ ಹೆಸರುಗಳನ್ನು ಭಾರಿ ಪ್ರಮಾಣದಲ್ಲಿ ಹಂಚುತ್ತಿದ್ದ ಫ್ರೀನಾಮ್ ಸಂಸ್ಥೆ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು.

ಪ್ರಶ್ನೆ: ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟು ಪ್ರಕಟಿಸಿದ ಬರಹದ ಕೊಂಡಿಯನ್ನು ಸ್ನೇಹಿತರಿಗೆ ಕಳುಹಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣಿಸುತ್ತದೆ. ಇದನ್ನು ಸರಿಪಡಿಸುವ ಉಚಿತ ಸಾಧನ ಇದೆಯೇ?

ಉತ್ತರ: ಇದಕ್ಕೆ ಬೇರೆ ಸಾಧನ ಬೇಕಿಲ್ಲ, ಕಾರಣ ತಿಳಿದರೆ ಸಾಕು. ಅಕ್ಷರಗಳನ್ನು ಗಣಕದಲ್ಲಿ ದಾಖಲಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ವೆಬ್ ವಿಳಾಸದೊಳಗೆ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ, ಅಂದರೆ ಮೂರು ಚಿಹ್ನೆಗಳಾಗಿ ಬದಲಾಗುತ್ತದೆ. ಹೀಗೆ ಒಂದು 'ಕ' 9 ಚಿಹ್ನೆಗಳಾಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂಬ 5 ಸಂಕೇತಗಳಿರುವುದರಿಂದ ಅದು 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ವಿಳಾಸದಲ್ಲಿ ಶೀರ್ಷಿಕೆ ಸೇರುವ ಭಾಗಕ್ಕೆ 200 ಚಿಹ್ನೆಗಳ ಮಿತಿ ಇರುವುದರಿಂದ 22 ಸಂಕೇತಗಳು ದಾಟುತ್ತಿದ್ದಂತೆ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಬ್ಲಾಗರ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು. ಅದು ಕನ್ನಡ ಶೀರ್ಷಿಕೆಯನ್ನು ವಿಳಾಸದಲ್ಲಿ ಬಳಸುವುದೇ ಇಲ್ಲ, ಬದಲಿಗೆ 'ಬ್ಲಾಗ್-ಪೋಸ್ಟ್' ಎಂಬ ಅರ್ಥವಿಲ್ಲದ ಹೆಸರಿಟ್ಟು ಮುಂದಿನ ಬರಹಗಳಿಗೆ ಅಂಕಿಗಳನ್ನು ಸೇರಿಸುತ್ತ ಹೋಗುತ್ತದೆ.

ಎರಡೂ ಕಡೆ ಪರಿಹಾರ ಒಂದೇ. ಪ್ರಕಟಿಸುವ ಮೊದಲು ವಿಳಾಸದ ಜಾಗದಲ್ಲಿ ಮೂರ್ನಾಲ್ಕು ಪದಗಳ ಹೆಸರನ್ನು ರೋಮನ್ ಅಕ್ಷರಗಳಲ್ಲಿ, ಪದಗಳ ನಡುವೆ ಅಡ್ಡಗೆರೆ ಹಾಕಿ, ನೀವೇ ಬರೆಯಿರಿ. ಪುಟದಲ್ಲಿ ಕಾಣುವ ಶೀರ್ಷಿಕೆ ಕನ್ನಡದಲ್ಲೇ ಉಳಿಯುತ್ತದೆ. ಈಗಾಗಲೇ ಪ್ರಕಟವಾಗಿ ಹಂಚಿಹೋದ ಬರಹಗಳ ವಿಳಾಸವನ್ನು ಮಾತ್ರ ಬದಲಿಸಬೇಡಿ, ಹಳೆಯ ಕೊಂಡಿಗಳು ಮುರಿಯಬಹುದು. ಚೆನ್ನಾಗಿ ಕಾಣಲೆಂದು ಕೊಂಡಿ ಚಿಕ್ಕದಾಗಿಸುವ ಸೇವೆಗಳನ್ನು ಬಳಸುವುದೂ ಜಾಣತನವಲ್ಲ, ಏಕೆಂದರೆ ಆ ಸೇವೆ ನಿಂತ ದಿನ ಕೊಂಡಿಯೂ ನಿಲ್ಲುತ್ತದೆ.

ಪ್ರಶ್ನೆ: ಹತ್ತು ಹದಿನೈದು ವರ್ಷಗಳ ಹಿಂದೆ ಬೆರಳಚ್ಚು ಮಾಡಿಟ್ಟ ಲೇಖನಗಳನ್ನು ಬ್ಲಾಗಿಗೆ ಅಂಟಿಸಿದರೆ ಬರೀ ಅರ್ಥವಾಗದ ರೋಮನ್ ಅಕ್ಷರಗಳು ಬರುತ್ತವೆ. ಇನ್ನು ಕೆಲವು ಲೇಖನಗಳು ಕಾಗದದ ಮೇಲಷ್ಟೇ ಇವೆ. ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಬೇಕೇ?

ಉತ್ತರ: ಬೇಕಿಲ್ಲ. ಆ ಕಡತಗಳು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಫಾಂಟುಗಳಲ್ಲಿ ಇರುವಂಥವು. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದ ಆ ಪದ್ಧತಿಯಲ್ಲಿ, ಫಾಂಟ್ ಇಲ್ಲದ ಕಡೆ ಕನ್ನಡ ಮಾಯವಾಗುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ವಿಭಾಗ ಇರುವುದರಿಂದ ಈ ತೊಂದರೆ ಬರುವುದಿಲ್ಲ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ತಪ್ಪದೆ ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರಬೇಕು. ಈ ಅದಲುಬದಲಿನಲ್ಲಿ ಪರಿವರ್ತಕಗಳು ಎಡವುವುದುಂಟು. 'ಸೂರ್ಯ', 'ಕಾರ್ಯ', 'ವರ್ಷ' ಎಂಬ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತನೆಯ ಗುಣಮಟ್ಟ ಬೇಗ ತಿಳಿಯುತ್ತದೆ.

ಕಾಗದದ ಮೇಲಿನ ಮುದ್ರಿತ ಬರಹವನ್ನು ನೇರವಾಗಿ, ನೆರಳು ಬೀಳದಂತೆ ಚಿತ್ರ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಲ್ಲಿರುವ ಕನ್ನಡ ಪಠ್ಯ ತಿದ್ದಬಹುದಾದ ರೂಪದಲ್ಲಿ ಸಿಗುತ್ತದೆ. ತಮ್ಮ ಕಡತಗಳು ಹೊರಗೆ ಹೋಗುವುದು ಬೇಡ ಎನ್ನುವವರು ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು ತಮ್ಮ ಗಣಕದಲ್ಲೇ ನಡೆಸಬಹುದು, ಅದಕ್ಕೂ ಕನ್ನಡ ಗೊತ್ತು. ಕೈಬರಹವಾದರೆ ಓದಿ ಹೇಳುವುದೇ ಲೇಸು: ಕ್ರೋಮ್ ಬ್ರೌಸರ್‌ನಲ್ಲಿ ಗೂಗಲ್ ಡಾಕ್ಸ್‌ನ ಧ್ವನಿ ಬೆರಳಚ್ಚು ಕನ್ನಡವನ್ನು ಸಾಕಷ್ಟು ಚೆನ್ನಾಗಿ ಹಿಡಿಯುತ್ತದೆ. ವಿರಾಮ ಚಿಹ್ನೆಗಳನ್ನು ಆಮೇಲೆ ಕೈಯಿಂದ ಸೇರಿಸಲು ಸಿದ್ಧರಿರಿ.

ಇಂಥ ಪಠ್ಯವನ್ನು ಬ್ಲಾಗಿನ ಸಂಪಾದಕಕ್ಕೆ ತರುವಾಗ ಕಂಟ್ರೋಲ್, ಶಿಫ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅಂಟಿಸಿ. ಬರೀ ಕಂಟ್ರೋಲ್ ಮತ್ತು ವಿ ಒತ್ತಿದರೆ ಪದಸಂಸ್ಕಾರಕದ ಫಾಂಟು, ಗಾತ್ರ, ಹಿನ್ನೆಲೆಯ ಬಣ್ಣ ಎಲ್ಲವೂ ಜೊತೆಗೆ ಬಂದು, ಒಂದು ಪ್ಯಾರಾ ದಪ್ಪ, ಇನ್ನೊಂದು ಸಣ್ಣ ಎಂಬಂತಾಗುತ್ತದೆ. ಬ್ಲಾಗಿಗೆ ಕನ್ನಡ ಫಾಂಟ್ ಬೇಕೆನ್ನುವವರು ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ ನೋಡಲಿ. ಮೂರೂ ಮುಕ್ತ ಪರವಾನಗಿಯವು. ದೀರ್ಘ ಲೇಖನಕ್ಕೆ ಟೀರೋ ನನಗೆ ಹಿತವೆನಿಸುತ್ತದೆ. ಒಂದೇ ಪುಟಕ್ಕೆ ನಾಲ್ಕು ಫಾಂಟು ತುಂಬುವ ಆಸೆಯನ್ನು ಮಾತ್ರ ಬಿಡಬೇಕು.

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಚಿತ್ರಗಳನ್ನು 'ಕೃಪೆ: ಅಂತರ್ಜಾಲ' ಎಂದು ಹಾಕಿ ಬಳಸುತ್ತಿದ್ದೇನೆ. ಇದು ಸಾಲದೇ?

ಉತ್ತರ: ಸಾಲದು. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆದದ್ದಿಲ್ಲ, ತೆಗೆದವರು ಒಬ್ಬರು ಇದ್ದೇ ಇರುತ್ತಾರೆ. ಅವರು ಅನುಮತಿ ಕೊಡದೆ ಇದ್ದರೆ ಎಂಥ ಕೃಪೆಯ ಸಾಲೂ ಅನುಮತಿಯ ಜಾಗವನ್ನು ತುಂಬುವುದಿಲ್ಲ.

ಮೊದಲೇ ಅನುಮತಿ ಕೊಟ್ಟಿರುವ ಚಿತ್ರಗಳು ಲಕ್ಷಗಟ್ಟಲೆ ಇರುವಾಗ ಈ ಅಪಾಯ ಏಕೆ ಬೇಕು? 2001ರಲ್ಲಿ ಆರಂಭವಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ ಪರವಾನಗಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 'ಬೈ' ಎಂದಿದ್ದರೆ ಹೆಸರು ಹೇಳಬೇಕು. 'ಎಸ್‌ಎ' ಎಂದಿದ್ದರೆ, ಚಿತ್ರವನ್ನು ಮಾರ್ಪಡಿಸಿ ಪ್ರಕಟಿಸುವಾಗ ಅದೇ ಪರವಾನಗಿಯಲ್ಲಿ ಪ್ರಕಟಿಸಬೇಕು. 'ಎನ್‌ಡಿ' ಇದ್ದರೆ ಮಾರ್ಪಡಿಸಿದ್ದನ್ನು ಪ್ರಕಟಿಸುವಂತಿಲ್ಲ. 'ಎನ್‌ಸಿ' ಇದ್ದರೆ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಬ್ಲಾಗಿನಲ್ಲಿ ಜಾಹೀರಾತು ಹಾಕಿಕೊಂಡಿದ್ದರೆ ಅದು ವಾಣಿಜ್ಯವೇ ಅಲ್ಲವೇ ಎಂಬ ವಾದಕ್ಕೆ ಇಳಿಯುವ ಬದಲು 'ಎನ್‌ಸಿ' ಚಿತ್ರಗಳಿಂದ ದೂರವಿರುವುದು ಒಳ್ಳೆಯದು. 'ಸಿಸಿ ಝೀರೋ' ಎಂದಿದ್ದರೆ ಯಾವ ಷರತ್ತೂ ಇಲ್ಲ.

ಹುಡುಕಲು ವಿಕಿಮೀಡಿಯ ಕಾಮನ್ಸ್ ನನ್ನ ಮೊದಲ ಆಯ್ಕೆ. 'ಎನ್‌ಸಿ' ಮತ್ತು 'ಎನ್‌ಡಿ' ಷರತ್ತಿನ ಚಿತ್ರಗಳನ್ನು ಅದು ಸ್ವೀಕರಿಸುವುದೇ ಇಲ್ಲವಾದ್ದರಿಂದ ತಲೆನೋವು ಕಡಿಮೆ. ಅನೇಕ ಸಂಗ್ರಹಗಳನ್ನು ಒಟ್ಟಿಗೆ ಜಾಲಾಡುವ ಓಪನ್‌ವರ್ಸ್ ಕೂಡ ಉಪಯುಕ್ತ. ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಬೇ ತಾಣಗಳು ಕ್ರಿಯೇಟಿವ್ ಕಾಮನ್ಸ್ ಬದಲು ತಮ್ಮದೇ ಪರವಾನಗಿ ಬಳಸುತ್ತವೆ. ಅಲ್ಲಿ ಹೆಸರು ಹೇಳುವುದು ಕಡ್ಡಾಯವಿಲ್ಲದಿದ್ದರೂ ಹೇಳುವುದು ಸೌಜನ್ಯ. ಗೂಗಲ್ ಚಿತ್ರ ಹುಡುಕಾಟವನ್ನೇ ಬಳಸುವವರು ಬಳಕೆಯ ಹಕ್ಕು ಎಂಬ ಶೋಧಕದಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಿಸಿ, ಆಮೇಲೆ ಮೂಲಪುಟಕ್ಕೆ ಹೋಗಿ ಪರವಾನಗಿಯನ್ನು ಕಣ್ಣಾರೆ ನೋಡಬೇಕು. ಕೃಪೆಯ ಸಾಲಿನಲ್ಲಿ ಚಿತ್ರದ ಹೆಸರು, ತೆಗೆದವರು, ಮೂಲಪುಟದ ಕೊಂಡಿ, ಪರವಾನಗಿ ಈ ನಾಲ್ಕೂ ಇರಲಿ. 'ಸಿಸಿ ಬೈ-ಎಸ್‌ಎ 4.0' ಎಂದು ಆವೃತ್ತಿಯ ಸಂಖ್ಯೆಯನ್ನೂ ಬರೆಯಿರಿ. ಚಿತ್ರದಲ್ಲಿ ಗುರುತಿಸಬಹುದಾದ ವ್ಯಕ್ತಿ ಇದ್ದರೆ ಅವರ ಖಾಸಗಿತನದ ಪ್ರಶ್ನೆ ಬೇರೆಯೇ ಇರುತ್ತದೆ. ರೋಗದ ಬಗ್ಗೆಯೋ ಸಾಲದ ಬಗ್ಗೆಯೋ ಬರೆದ ಲೇಖನಕ್ಕೆ ಅಪರಿಚಿತರ ಮುಖ ಅಂಟಿಸುವುದನ್ನು ಯಾವ ಪರವಾನಗಿಯೂ ಸಮರ್ಥಿಸಲಾರದು.

ಪ್ರಶ್ನೆ: ನನ್ನ ಬ್ಲಾಗ್ ತೆರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಸಾಧನಕ್ಕೆ ನಿಮ್ಮ ಬರಹವೊಂದರ ವಿಳಾಸ ಕೊಟ್ಟು ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಅದರ ಅಳತೆ. ಬಹುಪಾಲು ಬ್ಲಾಗುಗಳಲ್ಲಿ ಅಪರಾಧಿ ಒಬ್ಬನೇ, ಅದು ಚಿತ್ರ. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ 4000 ಪಿಕ್ಸೆಲ್‌ಗಳಷ್ಟು ಅಗಲ, ಹಲವು ಎಂಬಿಗಳಷ್ಟು ಭಾರ ಇರುತ್ತದೆ. ಬ್ಲಾಗಿನ ಬರಹದ ಅಂಕಣದ ಅಗಲವೋ ಸಾಮಾನ್ಯವಾಗಿ 700-800 ಪಿಕ್ಸೆಲ್ ಮಾತ್ರ. ಸ್ಕ್ವೂಶ್ ಎಂಬ ತಾಣದಲ್ಲಿ ಚಿತ್ರ ತೆರೆದು, ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ಚಿತ್ರವನ್ನು ಹಗುರವಾಗಿಡುವ ವೆಬ್‌ಪಿ ರೂಪ ಆರಿಸಿ, ಗುಣಮಟ್ಟವನ್ನು 75ರ ಆಸುಪಾಸಿನಲ್ಲಿಡಿ. ನಡುವಿನ ಗೆರೆಯನ್ನು ಎಳೆದಾಡಿದರೆ ಮೂಲಕ್ಕೂ ಕುಗ್ಗಿಸಿದ್ದಕ್ಕೂ ಇರುವ ವ್ಯತ್ಯಾಸ ಪಕ್ಕಪಕ್ಕದಲ್ಲೇ ಕಾಣುತ್ತದೆ. ಹೆಚ್ಚಿನ ಚಿತ್ರಗಳಲ್ಲಿ ವ್ಯತ್ಯಾಸ ಹುಡುಕುವುದೇ ಕಷ್ಟ, ಭಾರ ಮಾತ್ರ ಹತ್ತನೆಯ ಒಂದು ಪಾಲಿಗೋ ಅದಕ್ಕಿಂತ ಕಡಿಮೆಗೋ ಇಳಿದಿರುತ್ತದೆ.

ಸ್ಕ್ವೂಶ್ ಕೆಲಸ ಮಾಡುವುದು ನಿಮ್ಮ ಬ್ರೌಸರ್‌ನೊಳಗೇ, ಚಿತ್ರ ಬೇರೆ ಸರ್ವರಿಗೆ ಹೋಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಫೋನಿನ ಚಿತ್ರದ ಕಡತದಲ್ಲಿ ತೆಗೆದ ಸಮಯ ಮಾತ್ರವಲ್ಲದೆ, ಸ್ಥಳದ ದಾಖಲೆ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶಗಳೂ ಅಡಗಿರುತ್ತವೆ. ಮನೆಯೊಳಗೆ ತೆಗೆದ ಚಿತ್ರವನ್ನು ಹಾಗೆಯೇ ಏರಿಸಿದರೆ ಮನೆಯ ವಿಳಾಸ ಕೊಟ್ಟಂತಾಗಬಹುದು. ಸ್ಕ್ವೂಶ್‌ನಿಂದ ಹೊರಬಂದ ಪ್ರತಿಯಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ. ಚಿತ್ರವನ್ನು ಹೆಚ್ಚು ತಿದ್ದಬೇಕಾದರೆ ಗಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್. ಎರಡೂ ಮುಕ್ತ ತಂತ್ರಾಂಶಗಳು.

ಪ್ರಶ್ನೆ: ಬ್ಲಾಗಿನ ಅಂಕಿಅಂಶ ಪುಟ ಒಂದೊಂದು ದಿನ ನೂರಾರು ಭೇಟಿಗಳನ್ನು ತೋರಿಸುತ್ತದೆ, ಆದರೆ ಒಬ್ಬರೂ ಪ್ರತಿಕ್ರಿಯಿಸುವುದಿಲ್ಲ. ನಿಜವಾಗಿ ಯಾರಾದರೂ ಓದುತ್ತಿದ್ದಾರೆಯೇ?

ಉತ್ತರ: ಆ ನೂರಾರರಲ್ಲಿ ಯಂತ್ರಗಳ ಪಾಲು ದೊಡ್ಡದಿರಬಹುದು. ಹುಡುಕಾಟದ ಯಂತ್ರಗಳು, ಸ್ಪ್ಯಾಮ್ ಹರಡುವ ತಂತ್ರಾಂಶಗಳು, ನಿಮ್ಮದೇ ಭೇಟಿಗಳು ಎಲ್ಲವೂ ಆ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ. ಸ್ವಂತ ಭೇಟಿಗಳನ್ನು ಎಣಿಸದಂತೆ ಮಾಡುವ ಆಯ್ಕೆ ಬ್ಲಾಗರ್‌ನಲ್ಲಿದೆ, ಮೊದಲು ಅದನ್ನು ಹಾಕಿಕೊಳ್ಳಿ.

ಹೊಸ ಬ್ಲಾಗಿಗರಿಗೆ ಒಂದೇ ಒಂದು ಅಂಕಿಅಂಶದ ಸಾಧನ ಸಾಕು ಎಂದಾದರೆ ನಾನು ಹೇಳುವುದು ಗೂಗಲ್ ಸರ್ಚ್ ಕನ್ಸೋಲ್. ಜನರು ಯಾವ ಪದಗಳನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದನ್ನು ಅದು 16 ತಿಂಗಳವರೆಗಿನ ದಾಖಲೆಯೊಂದಿಗೆ ತೋರಿಸುತ್ತದೆ. ಒಂದು ಬರಹ ಹುಡುಕಾಟದಲ್ಲಿ ಸಾವಿರಾರು ಸಲ ಕಾಣಿಸಿಕೊಂಡೂ ಬೆರಳೆಣಿಕೆಯ ಜನ ಒಳಗೆ ಬಂದಿದ್ದರೆ, ಓದುಗರು ಹುಡುಕುತ್ತಿರುವುದು ಏನೆಂದು ಆ ಪದಗಳ ಪಟ್ಟಿಯಲ್ಲಿ ನೋಡಿ ಶೀರ್ಷಿಕೆಯನ್ನು ಅದಕ್ಕೆ ತಕ್ಕಂತೆ ನೇರವಾಗಿಸಿ. 'ಮನದ ಮಾತು' ಎಂಬ ಶೀರ್ಷಿಕೆಯ ಕೆಳಗೆ ಮಾವಿನ ಕಸಿ ಕಟ್ಟುವ ವಿಧಾನ ಬರೆದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗೂಗಲ್ ಅನಲಿಟಿಕ್ಸ್ ಕೂಡ ಉಚಿತವೇ. ಆದರೆ ಅದರ ಹಳೆಯ ರೂಪ 2023ರ ಜುಲೈ 1ರಿಂದ ನಿಂತುಹೋಗಿ ಬಂದ ಹೊಸ ರೂಪ ಒಬ್ಬಂಟಿ ಬರಹಗಾರರ ಅಗತ್ಯಕ್ಕಿಂತ ಬಹಳ ಜಟಿಲವಾಗಿದೆ. ಭೇಟಿಗಳ ಸರಳ ಲೆಕ್ಕ ಮಾತ್ರ ಸಾಕೆನ್ನುವವರಿಗೆ ಗೋಟ್‌ಕೌಂಟರ್ ಒಳ್ಳೆಯದು, ಅದು ಓದುಗರ ಬೆನ್ನು ಹತ್ತುವುದಿಲ್ಲ.

ಪ್ರಶ್ನೆ: ದಿನಕ್ಕೆ ಸಾವಿರ ಓದುಗರನ್ನು ಉಚಿತವಾಗಿ ಕಳುಹಿಸುತ್ತೇವೆ ಎನ್ನುವ ತಾಣಗಳನ್ನು ನಂಬಬಹುದೇ?

ಉತ್ತರ: ಬೇಡ. ಅವು ಕಳುಹಿಸುವುದು ಯಂತ್ರಗಳನ್ನು. ಬ್ಲಾಗಿನಲ್ಲಿ ಜಾಹೀರಾತು ಇದ್ದರೆ ಆ ಖಾತೆಯೇ ರದ್ದಾಗಬಹುದು.

ಪ್ರಶ್ನೆ: ಹೊಸ ಬರಹ ಪ್ರಕಟವಾದಾಗ ಓದುಗರಿಗೆ ಇಮೇಲ್ ಹೋಗುವಂತೆ ಮಾಡುವ ಉಚಿತ ವ್ಯವಸ್ಥೆ ಯಾವುದು?

ಉತ್ತರ: ಹಿಂದೆ ಇದಕ್ಕೆ ಎಲ್ಲರೂ ಬಳಸುತ್ತಿದ್ದುದು ಫೀಡ್‌ಬರ್ನರ್. 2007ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು, 2021ರಲ್ಲಿ ಅದರ ಇಮೇಲ್ ಸೇವೆಯನ್ನು ನಿಲ್ಲಿಸಿತು. ಚಂದಾದಾರರ ಪಟ್ಟಿಯನ್ನು ಸಮಯಕ್ಕೆ ಸರಿಯಾಗಿ ಇಳಿಸಿಕೊಂಡವರು ಬೇರೆ ಸೇವೆಗೆ ಹೋದರು, ಇಳಿಸಿಕೊಳ್ಳದವರು ಮೊದಲಿನಿಂದ ಆರಂಭಿಸಬೇಕಾಯಿತು. ಈಗ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಈ ಸೌಲಭ್ಯ ಒಳಗೇ ಇದೆ. ಬ್ಲಾಗರ್ ಬಳಸುವವರು ಫಾಲೋ ಡಾಟ್ ಇಟ್‌ನಂಥ ಹೊರಗಿನ ಸೇವೆಯನ್ನು ಜೋಡಿಸಿಕೊಳ್ಳಬಹುದು. ಇಮೇಲ್ ಪತ್ರಿಕೆಯನ್ನೇ ಮುಖ್ಯ ಮಾಡಿಕೊಳ್ಳುವ ಮನಸ್ಸಿದ್ದರೆ ಸಬ್‌ಸ್ಟ್ಯಾಕ್ ನೋಡಿ. ಉಚಿತ ಪತ್ರಿಕೆಗೆ ಅದು ಏನನ್ನೂ ತೆಗೆದುಕೊಳ್ಳುವುದಿಲ್ಲ, ಓದುಗರಿಂದ ಚಂದಾ ಪಡೆದರೆ ಅದರಲ್ಲಿ ಶೇ. 10 ಅದರ ಪಾಲು. ಯಾವ ಸೇವೆಯಾದರೂ ಚಂದಾದಾರರ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳುವ ಗುಂಡಿ ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿಕೊಳ್ಳಿ. ಇಮೇಲ್ ಕೊಡಲು ಇಷ್ಟವಿಲ್ಲದ ಓದುಗರಿಗಾಗಿ, ಹೊಸ ಬರಹಗಳ ಪಟ್ಟಿಯನ್ನು ಓದುವ ತಂತ್ರಾಂಶಗಳಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಫೀಡ್‌ನ ಕೊಂಡಿಯನ್ನೂ ಕಾಣುವಂತೆ ಇಡಿ. ಅಂಥ ಫೀಡ್ ಓದುವ ಸೇವೆಯಾಗಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದ ಮೇಲೆ ಫೀಡ್‌ಗಳ ಕಾಲ ಮುಗಿಯಿತು ಎಂದವರಿದ್ದರು, ಆದರೆ ಫೀಡ್‌ಲಿ, ಇನೋರೀಡರ್, ಥಂಡರ್‌ಬರ್ಡ್‌ಗಳಲ್ಲಿ ಅವುಗಳನ್ನು ಓದುವವರು ಈಗಲೂ ಇದ್ದಾರೆ.

ಪ್ರಶ್ನೆ: ಬ್ಲಾಗಿನ ಬ್ಯಾಕಪ್ ತೆಗೆದಿಡಬೇಕು ಎನ್ನುತ್ತಾರೆ. ಗೂಗಲ್‌ನಂಥ ಸಂಸ್ಥೆಯ ಬಳಿ ಇರುವಾಗ ಅದರ ಅಗತ್ಯವಿದೆಯೇ?

ಉತ್ತರ: ಇದೆ. ಸಂಸ್ಥೆಯ ಸರ್ವರ್ ಕೆಡುವುದು ಅಪರೂಪ. ಆದರೆ ಗುಪ್ತಪದ ಕಳೆದುಹೋಗುವುದು, ಖಾತೆ ಬೇರೆಯವರ ಕೈಸೇರುವುದು, ನಿಯಮ ಉಲ್ಲಂಘನೆಯೆಂದು ತಪ್ಪಾಗಿ ಬ್ಲಾಗ್ ಮುಚ್ಚಲ್ಪಡುವುದು ಅಷ್ಟು ಅಪರೂಪವಲ್ಲ. ಎರಡು ಹಂತದ ದೃಢೀಕರಣವನ್ನು ಇಂದೇ ಚಾಲೂ ಮಾಡಿ, ಆಗ ಸಿಗುವ ತುರ್ತು ಸಂಕೇತಗಳನ್ನು ಕಾಗದದಲ್ಲಿ ಬರೆದಿಡಿ. ಗುಪ್ತಪದಗಳನ್ನು ನೋಡಿಕೊಳ್ಳಲು ಬಿಟ್‌ವಾರ್ಡನ್‌ನ ಉಚಿತ ಯೋಜನೆ ಸಾಕು.

ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಅಥವಾ ಗೂಗಲ್ ಟೇಕ್‌ಔಟ್ ಮೂಲಕ ಬರಹಗಳನ್ನೂ ಪ್ರತಿಕ್ರಿಯೆಗಳನ್ನೂ ಇಳಿಸಿಕೊಳ್ಳಬಹುದು. ವರ್ಡ್‌ಪ್ರೆಸ್‌ನಲ್ಲಿ ಪರಿಕರಗಳ ಕೆಳಗಿರುವ ಎಕ್ಸ್‌ಪೋರ್ಟ್ ಆಯ್ಕೆ ಇದೇ ಕೆಲಸ ಮಾಡುತ್ತದೆ. ಹೀಗೆ ಸಿಗುವ ಎಕ್ಸ್‌ಎಮ್‌ಎಲ್ ಕಡತದ ಬಗ್ಗೆ ಹಲವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅದರಲ್ಲಿ ಚಿತ್ರಗಳಿರುವುದಿಲ್ಲ, ಚಿತ್ರಗಳು ಇರುವ ಜಾಗದ ಕೊಂಡಿಗಳಷ್ಟೇ ಇರುತ್ತವೆ. ಬ್ಲಾಗ್ ಅಳಿಸಿಹೋದರೆ ಆ ಕೊಂಡಿಗಳಿಂದ ಏನೂ ಸಿಗದೆ ಹೋಗಬಹುದು. ಆದ್ದರಿಂದ ಚಿತ್ರಗಳ ಮೂಲ ಪ್ರತಿಗಳನ್ನು ಬರಹದ ಹೆಸರಿನದೇ ಫೋಲ್ಡರ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ವಿನ್ಯಾಸವನ್ನೂ ಪ್ರತ್ಯೇಕವಾಗಿಯೇ ಇಳಿಸಿಕೊಳ್ಳಬೇಕು.

ಇದಲ್ಲದೆ, ಮುಖ್ಯವೆನಿಸಿದ ಬರಹ ಪ್ರಕಟವಾದ ಕೂಡಲೇ ಅದರ ವಿಳಾಸವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಕೊಟ್ಟು ಪ್ರತಿ ಉಳಿಸಬಹುದು. ಖಾತೆಯೂ ಬೇಡ, ಶುಲ್ಕವೂ ಇಲ್ಲ. ಕಡೆಯದಾಗಿ, ಇಳಿಸಿಕೊಂಡ ಬ್ಯಾಕಪ್ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ನೋಡಿ: ಬ್ಲಾಗರ್‌ನಲ್ಲಿ ಯಾರಿಗೂ ಕಾಣದ ಖಾಸಗಿ ಬ್ಲಾಗ್ ಒಂದನ್ನು ತೆರೆದು ಕಡತವನ್ನು ಅದರೊಳಗೆ ತುಂಬಿಸಿ, ಹಳೆಯ ಬರಹವೊಂದನ್ನು ತೆಗೆದು ಪ್ಯಾರಾಗಳು, ಪ್ರತಿಕ್ರಿಯೆಗಳು, ದಿನಾಂಕಗಳು ಸರಿಯಾಗಿ ಬಂದಿವೆಯೇ ಎಂದು ನೋಡಿದ ನಂತರ ಆ ಬ್ಲಾಗನ್ನು ಅಳಿಸಿಬಿಡಬಹುದು.